ಹುಬ್ಬಿನ ಬಿಗಿತ, ಮೂಗು-ಹೊಟ್ಟೆಯ ಜಗಳ: ಪುಸ್ತಕ ನೋಡಿ ಧ್ಯಾನ ಕಲಿಯಬಹುದೇ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ವಯಸ್ಸು 46. ಎರಡು ವರ್ಷದಿಂದ ಬೌದ್ಧ ಧ್ಯಾನದ ಪುಸ್ತಕ ಓದಿಕೊಂಡು ಬೆಳಿಗ್ಗೆ ಅರ್ಧ ಗಂಟೆ ಉಸಿರಿನ ಮೇಲೆ ಗಮನ ಇಟ್ಟು ಕೂರುತ್ತೇನೆ. ಒಂದು ಪುಸ್ತಕ ಮೂಗಿನ ತುದಿ ಅನ್ನುತ್ತದೆ, ಇನ್ನೊಂದು ಹೊಟ್ಟೆ ಅನ್ನುತ್ತದೆ. ಈಚೆಗೆ ಕೂತ ಸ್ವಲ್ಪ ಹೊತ್ತಿಗೇ ಹುಬ್ಬುಗಳ ನಡುವೆ ಬಿಗಿಯುತ್ತದೆ. ಗುರು ಇಲ್ಲದೆ ಇದನ್ನೆಲ್ಲ ಮಾಡಿದರೆ ತಲೆ ಕೆಡುತ್ತದೆ ಅಂತ ನಮ್ಮಕ್ಕ ಹೆದರಿಸುತ್ತಾಳೆ. ಹತ್ತು ದಿನದ ಶಿಬಿರಕ್ಕೆ ಹೋಗೋಣವೆಂದರೆ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಪುಸ್ತಕದಿಂದ ಕಲಿಯುವುದು ತಪ್ಪೇ? ಒಳ್ಳೆಯ ಗುರು ಯಾರೆಂದು ಗೊತ್ತಾಗುವುದು ಹೇಗೆ? ಇನ್ನೊಂದು, ನನಗೆ ಮಂಡಿ ನೋವಿದೆ. ಕುರ್ಚಿ ಮೇಲೆ ಕೂತರೆ ನಡೆಯುತ್ತದಾ?

ಉತ್ತರ: ಮೇಡಂ, ಮೊದಲು ಆ ಹುಬ್ಬಿನ ಬಿಗಿತದ ವಿಷಯಕ್ಕೆ ಬರೋಣ. ನಿಮ್ಮ ದೊಡ್ಡ ಪ್ರಶ್ನೆಯ ಉತ್ತರವೂ ಅದರಲ್ಲೇ ಇದೆ.

ನನಗೂ ಅದೇ ಆಗಿತ್ತು. ಆಗ ನನಗೆ ಮೂವತ್ತರ ಆಸುಪಾಸು. ಹತ್ತಿರ ಇದ್ದದ್ದು ಒಂದು ಪುಸ್ತಕ, ಒಂದು ಚಾಪೆ, ಬೇಕಾದ್ದಕ್ಕಿಂತ ಜಾಸ್ತಿ ಹುಮ್ಮಸ್ಸು. 'ಗಮನವನ್ನು ಮೂಗಿನ ತುದಿಯಲ್ಲಿ ಇಡಿ' ಎಂದು ಪುಸ್ತಕ ಹೇಳಿತ್ತು. ಇಟ್ಟೆ. ಹದಿನೈದು ದಿನಕ್ಕೆ ಹುಬ್ಬಿನ ನಡುವೆ ಯಾರೋ ಬೆರಳಿಟ್ಟು ಒತ್ತಿದ ಹಾಗಾಯಿತು. ತಿಂಗಳಾಗುವಷ್ಟರಲ್ಲಿ ತಲೆನೋವು. ನಾನೋ, ಏನೋ ದೊಡ್ಡದು ನಡೀತಿದೆ ಅಂದುಕೊಂಡೆ. ಮೂರನೇ ಕಣ್ಣು ಗೀಣ್ಣು ಅಂತ ಮನಸ್ಸು ಕಥೆ ಕಟ್ಟಿತು. ಸುಮಾರು ಒಂದು ವರ್ಷ ಹೀಗೇ ಹೋಯಿತು.

ಆಮೇಲೆ ಒಬ್ಬ ವಯಸ್ಸಾದ ಭಿಕ್ಷುವನ್ನು ಕಂಡೆ. ಹತ್ತು ನಿಮಿಷ ನನ್ನ ಅನುಭವವನ್ನು ವರ್ಣಿಸಿದೆ. ಅವರು ಮಜ್ಜಿಗೆ ಕುಡಿಯುತ್ತಾ ಕೇಳಿಸಿಕೊಂಡರು. ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: 'ಕಣ್ಣು ಮುಚ್ಚಿಕೊಂಡು ಎಲ್ಲಿ ನೋಡ್ತೀಯಪ್ಪ?'

ಅಲ್ಲೇ ಕಣ್ಣು ಮುಚ್ಚಿದೆ. ರೆಪ್ಪೆಯ ಹಿಂದೆ ಎರಡೂ ಗುಡ್ಡೆಗಳು ಮೂಗಿನ ಕಡೆ ತಿರುಗಿ ಗಟ್ಟಿಯಾಗಿ ನಿಂತಿದ್ದವು. ವರ್ಷವಿಡೀ ಮೆಳ್ಳೆಗಣ್ಣು ಮಾಡಿಕೊಂಡು ಕೂರುತ್ತಿದ್ದೆ ನಾನು! ಪುಸ್ತಕ 'ಗಮನ' ಅಂದಿತ್ತು. ನಾನು ಅದನ್ನು 'ನೋಟ' ಅಂತ ಓದಿಕೊಂಡಿದ್ದೆ.

ಪುಸ್ತಕದಲ್ಲಿ ತಪ್ಪಿರಲಿಲ್ಲ. ಆದರೆ ನಾನು ಅದನ್ನು ಓದುತ್ತಿದ್ದೆನೇ ಹೊರತು ಅದಕ್ಕೆ ನಾನು ಕಾಣುತ್ತಿರಲಿಲ್ಲ. ಏನು ಮಾಡಬೇಕು ಎಂದು ಪುಸ್ತಕ ಹೇಳುತ್ತದೆ. ನೀವು ನಿಜಕ್ಕೂ ಏನು ಮಾಡುತ್ತಿದ್ದೀರಿ ಎಂದು ಹೇಳಲು ಇನ್ನೊಬ್ಬರು ಬೇಕು. ನಿಮ್ಮ ಪಾಠ ಕೇಳಿದ ಹುಡುಗ ಲೆಕ್ಕ ಎಲ್ಲಿ ತಪ್ಪಿದ ಎಂದು ಅವನ ನೋಟ್‌ಬುಕ್ ನೋಡದೆ ನಿಮಗೆ ಗೊತ್ತಾಗುತ್ತದಾ? ಇದೂ ಹಾಗೇ.

ಹಾಗಾಗಿ ನಾಳೆ ಬೆಳಿಗ್ಗೆ ಕೂತಾಗ ಮೊದಲು ಕಣ್ಣಿನ ಗುಡ್ಡೆ ಎಲ್ಲಿದೆ ನೋಡಿಕೊಳ್ಳಿ. ದೂರದ ಗುಡ್ಡ ನೋಡುವಾಗ ಕಣ್ಣು ಹೇಗೆ ಸಡಿಲವಾಗಿರುತ್ತದೋ ಹಾಗೆ ಬಿಡಿ. ಹಲ್ಲು ಕಚ್ಚಿಕೊಂಡಿದ್ದರೆ ಬಿಡಿಸಿ. ಆಮೇಲೆ ಉಸಿರನ್ನು ನೀವು ಎಳೆಯುತ್ತಿದ್ದೀರೋ, ಅದೇ ಬರುತ್ತಿದೆಯೋ ಗಮನಿಸಿ. ಪುಸ್ತಕ ಓದಿ ಕಲಿತವರಲ್ಲಿ ಹೆಚ್ಚಿನವರು ಉಸಿರನ್ನು ನೋಡುವ ಬದಲು ಉಸಿರಾಟ ಮಾಡುತ್ತಿರುತ್ತಾರೆ. ಅದು ಪ್ರಾಣಾಯಾಮ. ಒಳ್ಳೆಯದೇ, ಆದರೆ ಇದು ಅದಲ್ಲ. ಎರಡು ವಾರ ಮೂಗನ್ನು ಮರೆತುಬಿಡಿ. ಕೂತಿರುವ ಇಡೀ ಮೈಯನ್ನು, ನೆಲಕ್ಕೆ ತಾಗಿದ ಪಾದವನ್ನು ಗಮನಿಸುತ್ತಾ ಕೂರಿ. ಬಿಗಿತ ಕಡಿಮೆಯಾದರೆ ಕಾರಣ ಇದೇ. ಕಡಿಮೆಯಾಗದಿದ್ದರೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ನಲವತ್ತಾರಕ್ಕೆ ಕನ್ನಡಕದ ನಂಬರು ಬದಲಾಗುವುದೂ ಉಂಟು. ಎಲ್ಲದಕ್ಕೂ ಧ್ಯಾನವೇ ಕಾರಣ ಅಂದುಕೊಳ್ಳಬೇಕಾಗಿಲ್ಲ.

ಈಗ ಮೂಗು-ಹೊಟ್ಟೆಯ ಜಗಳ. ಇದು ನಿಮ್ಮೊಬ್ಬರ ಗೊಂದಲವಲ್ಲ. ಭಿಕ್ಷುಗಳೇ ಇದಕ್ಕಾಗಿ ಬರಹದಲ್ಲಿ ಕಾದಾಡಿದ್ದಾರೆ.

ಬುದ್ಧನ ಉಪದೇಶಗಳಿಗೆ ಸುತ್ತ ಎನ್ನುತ್ತಾರೆ. ಗಮನದ ಅಭ್ಯಾಸ ಹೇಳುವ ಸತಿಪಟ್ಠಾನ ಸುತ್ತದಲ್ಲೂ ಉಸಿರಿನ ಧ್ಯಾನ ಹೇಳುವ ಆನಾಪಾನಸತಿ ಸುತ್ತದಲ್ಲೂ ಧ್ಯಾನಕ್ಕೆ ಕೂರುವವನು ಸ್ಮೃತಿಯನ್ನು, ಅಂದರೆ ಎಚ್ಚರದ ಗಮನವನ್ನು, 'ಪರಿಮುಖಂ' ಇಟ್ಟುಕೊಳ್ಳುತ್ತಾನೆ ಎಂದಿದೆ. ಅಷ್ಟೇ. ಮುಖದ ಸುತ್ತ ಅಂತ ಕೆಲವರು, ಬಾಯಿಯ ಹತ್ತಿರ ಅಂತ ಕೆಲವರು, ಸುಮ್ನೆ 'ಎದುರಿಗೆ' ಅಂತ ಇನ್ನು ಕೆಲವರು ಅರ್ಥ ಮಾಡಿದರು. ಮೂಗಿನ ತುದಿಯನ್ನು ಗಟ್ಟಿಯಾಗಿ ಹಿಡಿದದ್ದು ಆಮೇಲಿನ ವ್ಯಾಖ್ಯಾನಗಳು. 5ನೇ ಶತಮಾನದಲ್ಲಿ ಲಂಕೆಯ ಅನುರಾಧಪುರದಲ್ಲಿ ಕೂತು ಬುದ್ಧಘೋಷ ಎಂಬ ಭಿಕ್ಷು ಬರೆದ ವಿಸುದ್ಧಿಮಗ್ಗ ಎಂಬ ಧ್ಯಾನದ ಗ್ರಂಥದಲ್ಲಿ ಒಂದು ಮಾತಿದೆ. ಉದ್ದ ಮೂಗಿನವರಿಗೆ ಉಸಿರು ಮೂಗಿನ ತುದಿಗೆ ತಾಗುತ್ತದಂತೆ, ಮೊಂಡು ಮೂಗಿನವರಿಗೆ ಮೇಲ್ದುಟಿಗೆ. ಓದುವಾಗಲೆಲ್ಲ ನನಗೆ ಇದು ಇಷ್ಟ. ಇಷ್ಟು ದೊಡ್ಡ ಗ್ರಂಥ ಬರೆದವನು ಎದುರಿಗೆ ಕೂತ ಮನುಷ್ಯರ ಮೂಗು ನೋಡಿಯೇ ಬರೆದಿದ್ದಾನೆ ಅಲ್ವಾ?

ಅದೇ ಗ್ರಂಥದಲ್ಲಿ ಗರಗಸದ ಹೋಲಿಕೆ ಬರುತ್ತದೆ. ಮರ ಕೊಯ್ಯುವವನ ಗಮನ ಗರಗಸದ ಹಲ್ಲು ಮರಕ್ಕೆ ತಾಗುವ ಕಡೆ ಇರುತ್ತದೆ. ಹಲ್ಲು ಹೋಗಿದ್ದು ಬಂದದ್ದು ಅವನಿಗೆ ಗೊತ್ತಿರುತ್ತದೆ, ಆದರೆ ಅದರ ಹಿಂದೆ ಅವನು ಓಡುವುದಿಲ್ಲ. ಎಣಿಸುವ ಕ್ರಮವೂ ಇದೆ. ಉಸಿರನ್ನು ಐದಕ್ಕಿಂತ ಕಡಿಮೆ ಎಣಿಸಬಾರದು, ಹತ್ತು ದಾಟಬಾರದು. ಮೊದಮೊದಲು ಧಾನ್ಯ ಅಳೆಯುವವನ ಹಾಗೆ ನಿಧಾನಕ್ಕೆ. ಅವನು ಅಳತೆ ತುಂಬಿ 'ಒಂದು' ಎಂದು ಸುರಿಯುತ್ತಾನೆ, ಮತ್ತೆ ತುಂಬುವವರೆಗೂ 'ಒಂದು, ಒಂದು' ಅನ್ನುತ್ತಲೇ ಇರುತ್ತಾನೆ. ನಡುವೆ ಕಸ ಕಂಡರೆ ತೆಗೆದುಹಾಕುತ್ತಾನೆ. ನಮ್ಮ ಅಜ್ಜ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ 'ಲಾಭ' ಅನ್ನುತ್ತಿದ್ದರು, ಎರಡನೆಯದು ಬೀಳುವವರೆಗೂ 'ಲಾಭ, ಲಾಭ' ಅಂತ ಎಳೆಯುತ್ತಿದ್ದರು. ಈ ಸಾಲು ಓದಿದಾಗ ನನಗೆ ಅವರ ದನಿಯೇ ಕೇಳಿಸಿತು. ಮನಸ್ಸು ಚೆಲ್ಲಾಪಿಲ್ಲಿ ಆದ ದಿನ ಹೀಗೆ ಎಣಿಸಿ ನೋಡಿ. ಹತ್ತಿಪ್ಪತ್ತು ಉಸಿರಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಹೊಟ್ಟೆಯ ಕ್ರಮ ಬಂದದ್ದು ಬರ್ಮಾದಿಂದ. ಮಹಾಸಿ ಸಯಾಡೋ ಎಂಬ ಭಿಕ್ಷು 1949ರಿಂದ ರಂಗೂನಿನಲ್ಲಿ ಸಾವಿರಾರು ಗೃಹಸ್ಥರಿಗೆ ಹೊಟ್ಟೆ ಉಬ್ಬುವುದನ್ನೂ ಇಳಿಯುವುದನ್ನೂ ಗಮನಿಸಿ, ಮನಸ್ಸಿನಲ್ಲೇ 'ಏರಿತು, ಇಳಿಯಿತು' ಎಂದು ಗುರುತಿಸಿಕೊಳ್ಳಿ ಎಂದು ಕಲಿಸಿದರು. 1950ರ ದಶಕದಲ್ಲಿ ಇದು ಲಂಕೆಗೆ ಬಂದಾಗ ಅಲ್ಲಿನ ಕೆಲವು ಪಂಡಿತ ಭಿಕ್ಷುಗಳು ಗರಂ ಆದರು. ಸುತ್ತದಲ್ಲಿ ಹೊಟ್ಟೆ ಎಲ್ಲಿದೆ ತೋರಿಸಿ ಎಂದರು. ಮಹಾಸಿ ಕಡೆಯವರ ಉತ್ತರ ಸರಳ. ಇದು ಆನಾಪಾನಸತಿ ಅಲ್ಲವೇ ಅಲ್ಲ, ಮೈಯಲ್ಲಿ ವಾಯು ಧಾತುವಿನ ಚಲನೆಯನ್ನು ನೋಡುವುದು. ಅಂದರೆ ನಿಮ್ಮ ಎರಡು ಪುಸ್ತಕಗಳು ಒಂದೇ ಕೆಲಸಕ್ಕೆ ಎರಡು ಜಾಗ ಹೇಳುತ್ತಿಲ್ಲ. ಎರಡು ಬೇರೆ ಬೇರೆ ಕೆಲಸ ಹೇಳುತ್ತಿವೆ. ಇದನ್ನು ಎರಡೂ ಪುಸ್ತಕ ನಿಮಗೆ ಹೇಳಿರಲಿಕ್ಕಿಲ್ಲ. ಒಂದೊಂದು ಪುಸ್ತಕವೂ ತಾನೊಂದೇ ಇರುವ ಹಾಗೆ ಮಾತಾಡುತ್ತದೆ.

ಆ ಎರಡು ವಾರ ಕಳೆದ ಮೇಲೆ ನಿಮಗೆ ನನ್ನ ಸಲಹೆ: ಹೊಟ್ಟೆ. ಕಾರಣ ಶಾಸ್ತ್ರದ್ದಲ್ಲ, ನಿಮ್ಮ ಹುಬ್ಬಿನದು. ಗಮನ ಮುಖದಿಂದ ಕೆಳಗಿಳಿದರೆ ಕಣ್ಣಿಗೆ ಕೆಲಸ ಇರುವುದಿಲ್ಲ. ಆರು ತಿಂಗಳು ಅದನ್ನೇ ಮಾಡಿ. ಮೂಗಿನ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ತೊಂದರೆ ಇದೆ. ಇದನ್ನು ಯಾರೂ ಎತ್ತಿ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬುದ್ಧನ ಉಪದೇಶಗಳು ಉಳಿದಿರುವ ಹಳೆಯ ಭಾಷೆ ಪಾಲಿ. ಇಂಗ್ಲಿಷಿನಲ್ಲಿ ಓದುವವನಿಗೆ ಪಾಲಿ ಪದ ಅಪರಿಚಿತ, ಹಾಗಾಗಿ ಅವನು ನಿಂತು ಅರ್ಥ ಕೇಳುತ್ತಾನೆ. ನಮಗೆ ಅರ್ಧ ಪದಗಳು ಮನೆಯವೇ. ಗೊತ್ತಿದೆ ಅಂದುಕೊಂಡು ದಾಟಿಬಿಡುತ್ತೇವೆ, ಅಲ್ಲೇ ಜಾರುತ್ತೇವೆ.

'ವೇದನೆ' ತಗೊಳ್ಳಿ. ನಮಗೆ ಅದು ನೋವು. ಪಾಲಿಯಲ್ಲಿ ವೇದನಾ ಎಂದರೆ ಅನುಭವದ ರುಚಿ. ಹಿತವಾದದ್ದು, ಅಹಿತವಾದದ್ದು, ಎರಡೂ ಅಲ್ಲದ್ದು, ಮೂರೂ ವೇದನೆಯೇ. 'ವೇದನೆಗಳನ್ನು ಗಮನಿಸಿ' ಎಂದು ಓದಿ ಒಬ್ಬರು ತಿಂಗಳಾನುಗಟ್ಟಲೆ ಮಂಡಿ ನೋವನ್ನೇ ಹುಡುಕಿಕೊಂಡು ಕೂತಿದ್ದರು. ಬೆನ್ನಿಗೆ ಬೀಳುತ್ತಿದ್ದ ಬೆಳಗಿನ ಎಳೆಬಿಸಿಲೂ ವೇದನೆಯೇ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

'ಭಾವನೆ' ಇನ್ನೂ ಮೋಸದ್ದು. ನಮಗೆ ಭಾವನೆ ಅಂದರೆ ಮನಸ್ಸಿನಲ್ಲಿ ಏಳುವ ಅನಿಸಿಕೆ. ಪಾಲಿಯಲ್ಲಿ ಭಾವನಾ ಎಂದರೆ ಬೆಳೆಸುವುದು, ಕೃಷಿ ಮಾಡಿದ ಹಾಗೆ. ಮೈತ್ರಿ ಭಾವನೆ ಮಾಡಿ ಎಂದು ಓದಿದವರು ಪ್ರೀತಿ ಉಕ್ಕಿ ಬರಲಿ ಎಂದು ಕಾಯುತ್ತಾ ಕೂರುತ್ತಾರೆ. ಬರದಿದ್ದರೆ ನನ್ನ ಮನಸ್ಸು ಕಲ್ಲು ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಅಲ್ಲಿ ಹೇಳಿದ್ದು ಬೀಜ ಹಾಕಿ ಎಂದು. ಹಾಕಿದ ದಿನವೇ ಮೊಳಕೆ ಕಾಣಬೇಕೆಂದಲ್ಲ. 'ವಿಜ್ಞಾನ' ಎಂದಿದ್ದರೆ ಸೈನ್ಸ್ ಅಲ್ಲ, ಅರಿವು. 'ಸತಿ' ಎಂದರೆ ಹೆಂಡತಿಯಲ್ಲ, ಸ್ಮೃತಿ. ಕೊನೆಯದರಲ್ಲಿ ಯಾರೂ ಎಡವುವುದಿಲ್ಲ ಬಿಡಿ. ಮೊದಲಿನ ಎರಡು ಮಾತ್ರ ವರ್ಷಗಟ್ಟಲೆ ಹಾಳು ಮಾಡುತ್ತವೆ. ನಿಮ್ಮ ಪುಸ್ತಕದಲ್ಲಿ ಈ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಚಿನಲ್ಲಿ ಅರ್ಥ ಬರೆದಿಟ್ಟುಕೊಳ್ಳಿ.

ಪುಸ್ತಕದಿಂದ ಕಲಿಯುವುದು ತಪ್ಪೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಇವತ್ತು ಗೃಹಸ್ಥರು ವಿಪಸ್ಸನ (ಇರುವುದನ್ನು ಇರುವ ಹಾಗೆ ನೋಡುವ ಧ್ಯಾನ) ಕೂರುತ್ತಾರೆ ಎಂದರೆ ಅದರ ಹಿಂದೆ ಪುಸ್ತಕವೇ ಇದೆ. ಬರ್ಮಾದ ಲೆಡಿ ಸಯಾಡೋ, 1846ರಿಂದ 1923ರವರೆಗೆ ಬದುಕಿದ್ದವರು, ಅದುವರೆಗೆ ಮಠದ ಒಳಗಿದ್ದ ವಿಷಯವನ್ನು ಜನರಿಗೆ ಅರ್ಥವಾಗುವ ಬರ್ಮೀ ಭಾಷೆಯಲ್ಲಿ ಪುಸ್ತಕಗಳಾಗಿ ಬರೆದರು. ಅವರ ಶಿಷ್ಯ ಸಯಾ ತೆಟ್ ಜಿ ಒಬ್ಬ ರೈತ. ತೆಟ್ ಜಿ ಅವರ ಶಿಷ್ಯ ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಬಾ ಖಿನ್ ಅವರ ಶಿಷ್ಯ ವ್ಯಾಪಾರಿ ಎಸ್.ಎನ್. ಗೋಯೆಂಕಾ, 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಒಬ್ಬ ರೈತ, ಒಬ್ಬ ಲೆಕ್ಕಾಧಿಕಾರಿ, ಒಬ್ಬ ವ್ಯಾಪಾರಿ! ನಿಮ್ಮ ಅಕ್ಕನಿಗೆ ಇದನ್ನು ಹೇಳಿ. ಆದರೆ ಪುಸ್ತಕದ ಪಕ್ಕದಲ್ಲಿ ಪ್ರತಿ ಸಲವೂ ಒಬ್ಬ ಮನುಷ್ಯ ಇದ್ದ, ಅದನ್ನೂ ಗಮನಿಸಿ.

ಮನುಷ್ಯ ಇಲ್ಲದೆ ಪುಸ್ತಕ ಒಂದೇ ಉಳಿದರೆ ಏನಾಗುತ್ತದೆ? ಅದಕ್ಕೂ ಒಂದು ನಿದರ್ಶನ ಇದೆ. ಮಹಾಬೋಧಿ ಸೊಸೈಟಿ ಕಟ್ಟಿದ ಅನಾಗಾರಿಕ ಧರ್ಮಪಾಲರಿಗೆ 1890ರ ದಶಕದಲ್ಲಿ ಲಂಕೆಯ ಒಂದು ಹಳೆಯ ವಿಹಾರದಲ್ಲಿ ಧ್ಯಾನದ ಕೈಪಿಡಿಯ ಹಸ್ತಪ್ರತಿ ಸಿಕ್ಕಿತು. ಪಾಲಿ ಮತ್ತು ಸಿಂಹಳ ಎರಡೂ ಬೆರೆತ ಪಠ್ಯ. 1896ರಲ್ಲಿ ಲಂಡನ್ನಿನ ಪಾಲಿ ಟೆಕ್ಸ್ಟ್ ಸೊಸೈಟಿ ಅದನ್ನು ಅಚ್ಚು ಮಾಡಿತು. 1916ರಲ್ಲಿ ಇಂಗ್ಲಿಷಿಗೂ ಬಂತು. ಮೇಣದ ಬತ್ತಿ ಹಚ್ಚಿಟ್ಟುಕೊಂಡು ಕೂರುವುದು, ಮನಸ್ಸಿನಲ್ಲಿ ಮೂಡುವ ಕುರುಹನ್ನು ಮೂಗಿನ ತುದಿಯಿಂದ ಹೃದಯಕ್ಕೆ, ಅಲ್ಲಿಂದ ಹೊಕ್ಕುಳಿಗೆ ಇಳಿಸುವುದು, ಹೀಗೆ ಹಂತ ಹಂತವಾಗಿ ಬರೆದಿದೆ. ಬರವಣಿಗೆಯಲ್ಲಿ ಏನೂ ಕೊರತೆ ಇಲ್ಲ. ಆದರೆ ಆ ಕ್ರಮವನ್ನು ಕೂತು ಬಲ್ಲವರು ಆ ಹೊತ್ತಿಗೆ ಲಂಕೆಯಲ್ಲಿ ಹೆಚ್ಚುಕಮ್ಮಿ ಇಲ್ಲವಾಗಿದ್ದರು. ಪುಸ್ತಕ ಇವತ್ತೂ ಸಿಗುತ್ತದೆ. ನಾನು ಓದಿದ್ದೇನೆ. ಬೇರೊಬ್ಬರ ಮನೆಯ ಅಡುಗೆ ಪುಸ್ತಕ ಓದಿದ ಹಾಗಿತ್ತು. 'ಹದವಾಗಿ ಹುರಿಯಿರಿ' ಎಂದಿದೆ, ಹದ ಯಾವುದು ಎಂದು ಹೇಳಲು ಅಜ್ಜಿ ಇಲ್ಲ.

ಬುದ್ಧನೂ ಇಬ್ಬರ ಹತ್ತಿರ ಕಲಿತವನೇ. ಆಳಾರ ಕಾಲಾಮ, ಉದ್ದಕ ರಾಮಪುತ್ತ. ಕಲಿತದ್ದು ಸಾಲದು ಎನಿಸಿದಾಗ ಬಿಟ್ಟು ಹೊರಟ. ಕೊನೆಗೆ ದಾರಿ ತೋರಿಸಿದ್ದು ಚಿಕ್ಕವನಿದ್ದಾಗ ನೇರಳೆ ಮರದ ನೆರಳಲ್ಲಿ ತಾನಾಗಿಯೇ ಸುಮ್ಮನೆ ಕೂತಿದ್ದ ನೆನಪು. ಇದನ್ನು ಹಿಡಿದು ಗುರುವೇ ಬೇಡ ಎಂದು ವಾದಿಸುವವರಿದ್ದಾರೆ. ಅವರಿಗೆ ನಾನು ಮೇಘಿಯನ ಕಥೆ ಹೇಳುತ್ತೇನೆ. ಮೇಘಿಯ ಬುದ್ಧನ ಸೇವೆಗಿದ್ದ ಭಿಕ್ಷು. ಹೊಳೆ ದಂಡೆಯಲ್ಲಿ ಚೆಂದದ ಮಾವಿನ ತೋಪು ಕಂಡ. ಅಲ್ಲಿ ಒಬ್ಬನೇ ಕೂತು ಧ್ಯಾನ ಮಾಡುತ್ತೇನೆ ಎಂದ. ಸ್ವಲ್ಪ ತಡಿ, ಇನ್ನೊಬ್ಬ ಬರಲಿ, ಈಗ ನಾನೊಬ್ಬನೇ ಇದ್ದೇನೆ ಎಂದ ಬುದ್ಧ. ಇವನು ಬಿಡಲಿಲ್ಲ, ಮೂರು ಸಲ ಕೇಳಿ ಹೋದ. ಕೂತದ್ದೇ ತಡ, ಆಸೆ, ಸಿಟ್ಟು, ಹಿಂಸೆಯ ಯೋಚನೆಗಳು ಮುತ್ತಿಕೊಂಡವು. ಸಂಜೆ ಬಂದು ಹೇಳಿಕೊಂಡ. ಬುದ್ಧ ಬೈಯಲಿಲ್ಲ. ಮಾಗದ ಮನಸ್ಸು ಮಾಗಲು ಐದು ಬೇಕು, ಮೊದಲನೆಯದು ಒಳ್ಳೆಯ ಗೆಳೆಯ ಎಂದ. ಕಲ್ಯಾಣಮಿತ್ರ. ಲಂಕೆ, ಬರ್ಮಾಗಳ ಬೌದ್ಧ ಪರಂಪರೆಯಾದ ಥೇರವಾದದಲ್ಲಿ ಧ್ಯಾನ ಕಲಿಸುವವರಿಗೆ ಇರುವ ಪದ ಇದು. ಕಾಲಿಗೆ ಬೀಳಬೇಕಾದ ಗುರು ಅಲ್ಲ, ಗೆಳೆಯ. ಈ ಪದ ತಲೆಯಲ್ಲಿದ್ದರೆ ನಿಮ್ಮ ಹುಡುಕಾಟ ಅರ್ಧ ಹಗುರಾಗುತ್ತದೆ.

ಹಾಗಾದರೆ ಯಾರು ಒಳ್ಳೆಯವರು? ಬುದ್ಧನ ಉಪದೇಶಗಳ ಒಂದು ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಅಂಥ ಗೆಳೆಯನಿಗೆ ಏಳು ಗುಣ ಹೇಳಿದ್ದಾರೆ. ಪ್ರೀತಿಗೆ ಯೋಗ್ಯ, ಗೌರವಕ್ಕೆ ಯೋಗ್ಯ, ಇತ್ಯಾದಿ. ನಾನು ಪರೀಕ್ಷೆಗೆ ಬಳಸುವುದು ನಡುವಿನ ಒಂದನ್ನು: 'ವಚನಕ್ಖಮ'. ಅಂದರೆ ಎದುರು ಮಾತು ತಡೆದುಕೊಳ್ಳಬಲ್ಲವನು. ಹೋಗಿ ಒಂದು ಪ್ರಶ್ನೆ ಕೇಳಿ: 'ನೀವು ಹೇಳಿದ್ದು ನಾನು ಓದಿದ್ದಕ್ಕೆ ಹೊಂದುತ್ತಿಲ್ಲವಲ್ಲ?' ಮುಖ ಗಂಟಿಕ್ಕಿದರೆ, 'ನಿಮಗೆ ಅದೆಲ್ಲ ಈಗ ಅರ್ಥವಾಗಲ್ಲ' ಅಂದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ.

ಇನ್ನೊಂದು ಗುರುತು, ಅವರು ಎಷ್ಟು ಕೇಳುತ್ತಾರೆ ಎನ್ನುವುದು. ಒಳ್ಳೆಯ ಡಾಕ್ಟರು ನಾಡಿ ಹಿಡಿಯದೆ ಮಾತ್ರೆ ಬರೆಯುವುದಿಲ್ಲ. ಎಲ್ಲರಿಗೂ ಒಂದೇ ಮಂತ್ರ, ಒಂದೇ ಪ್ಯಾಕೇಜ್ ಕೊಡುವವರು ನಿಮ್ಮನ್ನು ನೋಡಿಯೇ ಇಲ್ಲ. ಹಾಗಂತ ತಪ್ಪೇ ಮಾಡದವರನ್ನು ಹುಡುಕಬೇಡಿ, ಅಂಥವರು ಸಿಗುವುದಿಲ್ಲ. ಧಮ್ಮಪದದ ವ್ಯಾಖ್ಯಾನದಲ್ಲಿ ಒಂದು ಕಥೆ ಬರುತ್ತದೆ. ಸಾರಿಪುತ್ತನ ಹತ್ತಿರ ಅಕ್ಕಸಾಲಿಗನ ಮಗನೊಬ್ಬ ಶಿಷ್ಯನಾದ. ಹರೆಯದವನು, ಆಸೆ ಜಾಸ್ತಿ ಇರುತ್ತದೆ ಎಂದು ಸಾರಿಪುತ್ತ ದೇಹದ ಅಸಹ್ಯವನ್ನು ನೆನೆಯುವ ಧ್ಯಾನ ಕೊಟ್ಟ. ತಿಂಗಳುಗಟ್ಟಲೆ ಕೂತರೂ ಹುಡುಗನಿಗೆ ಏನೂ ಹತ್ತಲಿಲ್ಲ. ಸಾರಿಪುತ್ತ ಏನು ಮಾಡಿದ ಗೊತ್ತಾ? ಹುಡುಗನಲ್ಲೇ ದೋಷ ಇದೆ ಎನ್ನಲಿಲ್ಲ. ಅವನನ್ನು ಕರೆದುಕೊಂಡು ಬುದ್ಧನ ಹತ್ತಿರ ಹೋದ, ನನ್ನಿಂದ ಆಗಲಿಲ್ಲ ಎಂದ. ಇವನು ಹುಟ್ಟು ಹುಟ್ಟಿನಲ್ಲೂ ಚಿನ್ನ ಮುಟ್ಟಿ ಬೆಳೆದವನು, ಅಸಹ್ಯದಿಂದ ಇವನ ಮನಸ್ಸು ಮುದುಡುತ್ತದೆ ಎಂದು ಕಂಡ ಬುದ್ಧ ಒಂದು ಚಿನ್ನದ ಕೆಂದಾವರೆ ಕೊಟ್ಟು, ಮರಳಿನಲ್ಲಿ ನೆಟ್ಟು ಅದರ ಕೆಂಪನ್ನೇ ನೋಡುತ್ತಾ ಕೂರು ಎಂದ. ಮನಸ್ಸು ನಿಂತಿತು. ಆಮೇಲೆ ಆ ತಾವರೆ ಬಾಡುವುದನ್ನು ತೋರಿಸಿದ. ಬುದ್ಧನ ಶಿಷ್ಯರಲ್ಲಿ ಬುದ್ಧಿಗೆ ಮೊದಲಿಗನೆನಿಸಿದ ಸಾರಿಪುತ್ತನೇ ತಪ್ಪು ಅಂದಾಜು ಮಾಡಿದ ಅಂದಮೇಲೆ ಉಳಿದವರ ಪಾಡೇನು? 'ನನ್ನಿಂದಾಗದು, ಇವರ ಹತ್ತಿರ ಹೋಗಿ' ಎನ್ನಬಲ್ಲವರನ್ನು ಮಾತ್ರ ನಂಬಿ.

ಅದೇ ಕಾರಣಕ್ಕೆ ಬುದ್ಧಘೋಷ ಒಂದಲ್ಲ, 40 ಧ್ಯಾನ ವಿಷಯಗಳನ್ನು ಪಟ್ಟಿ ಮಾಡಿದ್ದು. ಯಾರಿಗೆ ಯಾವುದು ಎಂದು ಗೆಳೆಯ ಆರಿಸಿಕೊಡಬೇಕು.

ನಮ್ಮ ಕಡೆ ಎಲ್ಲಿ ಹೋಗಬಹುದು? ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ಸೊಸೈಟಿ (ಧರ್ಮಪಾಲರು ಕಟ್ಟಿದ್ದಲ್ಲ, ಬೇರೆಯದು), 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು. ಥೇರವಾದದ ಭಿಕ್ಷುಗಳು ಅಲ್ಲಿದ್ದಾರೆ, ಕನ್ನಡದ ಪುಸ್ತಕಗಳೂ ಸಿಗುತ್ತವೆ. ಟಿಬೆಟಿನ ದಾರಿ ಬೇಕಿದ್ದರೆ ಬೈಲಕುಪ್ಪೆ, ಮುಂಡಗೋಡು. ಚಿನ್ನದ ಬಣ್ಣದ ಬುದ್ಧನ ಮುಂದೆ ಸೆಲ್ಫಿ ತೆಗೆದುಕೊಂಡು ವಾಪಸ್ ಬರುವವರೇ ಹೆಚ್ಚು. ಅದೇ ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ಮಠದ ಜೊತೆಗೆ ಸೆರಾ ಎಂಬ ದೊಡ್ಡ ವಿದ್ಯಾಪೀಠವೂ ಇದೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಆ ಪರಂಪರೆಯಲ್ಲಿ ಒಂದು ಎಚ್ಚರಿಕೆ. ಅಲ್ಲಿ ಕೆಲವು ಸಾಧನೆಗಳನ್ನು ದೀಕ್ಷೆ ಇಲ್ಲದೆ ಮುಟ್ಟಬಾರದು. ಮಂತ್ರ, ದೇವತಾ ಧ್ಯಾನ ಇರುವ ಪುಸ್ತಕ ಅಂಗಡಿಯಲ್ಲಿ ಸಿಕ್ಕಿತು ಎಂದು ಮನೆಯಲ್ಲಿ ಶುರು ಮಾಡಬೇಡಿ. ಗುರುವನ್ನು ವರ್ಷಗಟ್ಟಲೆ ಪರೀಕ್ಷಿಸಿ ಒಪ್ಪಿಕೋ ಎಂದು ಅವರ ಗ್ರಂಥಗಳೇ ಹೇಳುತ್ತವೆ. ಮೊದಲ ದಿನವೇ ಶರಣಾಗು ಎನ್ನುವವರು ಟಿಬೆಟಿನವರಾಗಲಿ ನಮ್ಮವರಾಗಲಿ, ಅವಸರ ಅವರದು, ನಿಮ್ಮದಲ್ಲ.

ನೀವು ಹೇಳಿದ ಹತ್ತು ದಿನದ ಶಿಬಿರ ಗೋಯೆಂಕಾ ಪರಂಪರೆಯದು ಎಂದುಕೊಂಡಿದ್ದೇನೆ. ಬೆಂಗಳೂರಿನ ಹೊರವಲಯದಲ್ಲಿ ಧಮ್ಮ ಪಫುಲ್ಲ ಎಂಬ ಕೇಂದ್ರ ಇದೆ. ಶುಲ್ಕ ಇಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮೌನ. ಫೋನು, ಪೆನ್ನು, ಪುಸ್ತಕ ಎಲ್ಲ ಹೊರಗೆ. ನಿಮ್ಮಂಥ ಓದುವವರಿಗೆ ಫೋನಿಗಿಂತ ಪೆನ್ನು ಬಿಡುವುದೇ ಕಷ್ಟ, ನೋಡಿ ಬೇಕಾದರೆ. ಮೊದಲ ಮೂರು ದಿನ ಉಸಿರು, ನಾಲ್ಕನೇ ದಿನದಿಂದ ಮೈಯ ಸಂವೇದನೆಗಳು, ಕೊನೆಗೆ ಮೈತ್ರಿ. ಸೂಚನೆಗಳೆಲ್ಲ ಗೋಯೆಂಕಾ ಅವರ ಧ್ವನಿಮುದ್ರಣದಿಂದ ಬರುತ್ತವೆ. ಮಧ್ಯಾಹ್ನ ಅಲ್ಲಿನ ಆಚಾರ್ಯರನ್ನು ಕಂಡು ಪ್ರಶ್ನೆ ಕೇಳಬಹುದು. ಆ ಐದು ನಿಮಿಷ ಬಿಡಬೇಡಿ. ಬಹಳ ಜನ ಸಂಕೋಚದಲ್ಲಿ ಹೋಗುವುದೇ ಇಲ್ಲ. ಅಷ್ಟು ದೂರ ಬಂದದ್ದು ಆ ಐದು ನಿಮಿಷಕ್ಕೇ ಎಂದು ನನ್ನ ಲೆಕ್ಕ.

ಆದರೆ ಈಗ ಹೋಗಬೇಡಿ. ಅತ್ತೆಯನ್ನು ಯಾರೋ ಅರೆಮನಸ್ಸಿನಲ್ಲಿ ನೋಡಿಕೊಳ್ಳುತ್ತಿದ್ದರೆ ನಿಮ್ಮ ಹತ್ತು ದಿನವೂ ಮನೆಯಲ್ಲೇ ಕಳೆಯುತ್ತದೆ.

ದೀಪಾ ಮಾ ಎಂಬ ಹೆಂಗಸಿನ ಬಗ್ಗೆ ಕೇಳಿದ್ದೀರಾ? 1911ರಲ್ಲಿ ಚಿತ್ತಗಾಂಗಿನ ಕಡೆ ಹುಟ್ಟಿದವರು. ಹನ್ನೆರಡಕ್ಕೇ ಮದುವೆ, ಆಮೇಲೆ ಗಂಡನಿದ್ದ ರಂಗೂನಿಗೆ. ಮಕ್ಕಳನ್ನು ಕಳೆದುಕೊಂಡರು, ಗಂಡನನ್ನೂ ಕಳೆದುಕೊಂಡರು, ಹೃದಯದ ಕಾಯಿಲೆ ಬೇರೆ. ಆ ಸ್ಥಿತಿಯಲ್ಲಿ ಮಹಾಸಿ ಪರಂಪರೆಯಲ್ಲಿ, ಮುನೀಂದ್ರ ಎಂಬ ಬಂಗಾಳಿ ಗುರುವಿನ ಹತ್ತಿರ ಧ್ಯಾನ ಕಲಿತರು. ಆಮೇಲೆ ಕೋಲ್ಕತ್ತಾಕ್ಕೆ ಬಂದು ಒಂದು ಚಿಕ್ಕ ಮನೆಯಲ್ಲಿದ್ದುಕೊಂಡು ಅಕ್ಕಪಕ್ಕದ ಗೃಹಿಣಿಯರಿಗೆ ಕಲಿಸಿದರು. ಎಳೆ ಮಗು ಇದ್ದ ತಾಯಿಗೆ ಮೊಲೆಯೂಡಿಸುವಾಗಲೇ ಗಮನ ಇಡು, ಅದೇ ನಿನ್ನ ಧ್ಯಾನ ಎಂದರು. ನಿಮಗೂ ಅದನ್ನೇ ಹೇಳುತ್ತೇನೆ. ಅತ್ತೆಯ ಮಗ್ಗುಲು ಬದಲಿಸುವಾಗ ಒಂದು ಕೈ ಹೆಗಲ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಹೋಗುತ್ತದಲ್ಲ, ಆ ಭಾರ, ಆ ಬಿಸಿ, ನಿಮ್ಮ ಉಸಿರು ಹಿಡಿದುಕೊಳ್ಳುವುದು, 'ಇವತ್ತೂ ಹಾಸಿಗೆ ಒದ್ದೆ' ಎಂದು ಏಳುವ ಕಿರಿಕಿರಿ, ಎಲ್ಲ ಗೊತ್ತಾಗುತ್ತಾ ಇರಲಿ. ಕಿರಿಕಿರಿ ಬರಬಾರದು ಎಂದಲ್ಲ. ಬಂದದ್ದು ಬಂದಾಗಲೇ ಗೊತ್ತಾಗಲಿ.

ನಿಮ್ಮ ಅಕ್ಕನ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಉಸಿರು ನೋಡಿದರೆ ಸಾಮಾನ್ಯವಾಗಿ ತಲೆ ಕೆಡುವುದಿಲ್ಲ. ಕಾಲು ಜೋಮು ಹಿಡಿಯುವುದು, ತೂಕಡಿಕೆ, ಕಾರಣವಿಲ್ಲದೆ ಕಣ್ಣೀರು, ಮುಚ್ಚಿದ ಕಣ್ಣಲ್ಲಿ ಬೆಳಕು, ಇವೆಲ್ಲ ಬಂದು ಹೋಗುತ್ತವೆ. ಆದರೆ ಗಂಟೆಗಟ್ಟಲೆ ಕೂರುವವರಲ್ಲಿ ಕೆಲವರಿಗೆ ನಿಜಕ್ಕೂ ತೊಂದರೆಯಾಗಿದೆ. ನಾಲ್ಕೈದು ದಿನ ನಿದ್ದೆ ಬರದಿದ್ದರೆ, ಸುತ್ತಲಿನದು ನಿಜವಲ್ಲ ಎನಿಸುತ್ತಿದ್ದರೆ, ದನಿ ಕೇಳಿಸಿದರೆ, ಭಯ ಎದ್ದು ಓಡಾಡಿದರೂ ಇಳಿಯದಿದ್ದರೆ ಧ್ಯಾನ ನಿಲ್ಲಿಸಿ. ಪುಸ್ತಕ ತೆರೆಯಬೇಡಿ, ಗುರುವನ್ನೂ ಹುಡುಕಬೇಡಿ, ಸೀದಾ ಮನೋವೈದ್ಯರ ಹತ್ತಿರ ಹೋಗಿ. ಖಿನ್ನತೆಗೋ ಬೇರೆ ಯಾವುದಕ್ಕೋ ಮಾತ್ರೆ ತಗೊಳ್ಳುತ್ತಿದ್ದರೆ ಶಿಬಿರಕ್ಕೆ ಮೊದಲು ಡಾಕ್ಟರನ್ನು ಕೇಳಿ, ಅರ್ಜಿಯಲ್ಲೂ ಮುಚ್ಚಿಡಬೇಡಿ. ಧ್ಯಾನ ಶುರು ಮಾಡಿದೆ ಎಂದು ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಅದು ಮಾತ್ರ ಬೇಡ.

ಆ್ಯಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಗಂಟೆ ಬಾರಿಸಲು ಪರವಾಗಿಲ್ಲ. ಕಿವಿಯಲ್ಲಿ ಯಾರಾದರೂ ಮಾತಾಡುತ್ತಲೇ ಇದ್ದರೆ ನಿಮ್ಮ ಮನಸ್ಸು ಏನು ಮಾಡುತ್ತಿದೆ ಎಂದು ನಿಮಗೆ ಗೊತ್ತಾಗುವುದು ಯಾವಾಗ?

ಸದ್ಯಕ್ಕೆ ಹೀಗೆ ಮಾಡಿ. ಬೆಳಿಗ್ಗೆ ಇಪ್ಪತ್ತೇ ನಿಮಿಷ, ಮೊದಲ ಎರಡು ವಾರ ಇಡೀ ಮೈ, ಆಮೇಲೆ ಹೊಟ್ಟೆಯ ಏರಿಳಿತ. ಬಿಗಿದರೆ ಎದ್ದು ಹಜಾರದಲ್ಲಿ ಹದಿನೈದು ಹೆಜ್ಜೆ ಆಚೆ, ಹದಿನೈದು ಹೆಜ್ಜೆ ಈಚೆ, ಪಾದ ಗಮನಿಸುತ್ತಾ ನಡೆಯಿರಿ. ಇದೂ ಧ್ಯಾನವೇ, ಕೂತದ್ದಕ್ಕಿಂತ ಕಡಿಮೆಯೇನಲ್ಲ. ಸೋಣ ಎಂಬ ಭಿಕ್ಷು ಹಟ ಹಿಡಿದು ಅಂಗಾಲು ರಕ್ತ ಬರುವವರೆಗೆ ನಡೆದಾಗ, ಮೊದಲು ವೀಣೆ ನುಡಿಸುತ್ತಿದ್ದ ಅವನಿಗೆ ಬುದ್ಧ ನೆನಪಿಸಿದ್ದು ತಂತಿಯನ್ನು: ತೀರ ಬಿಗಿದರೂ ನುಡಿಯದು, ತೀರ ಸಡಿಲ ಬಿಟ್ಟರೂ ನುಡಿಯದು. ನಿಮ್ಮ ತಂತಿ ಈಗ ಬಿಗಿ ಇದೆ, ಹಾಗಾಗಿ ಸ್ವಲ್ಪ ಇಳಿಸಿ. ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು. ಏನು ಮಾಡಿದೆ, ಏನಾಯಿತು, ಆದದ್ದಕ್ಕೆ ಏನು ಮಾಡಿದೆ. 'ಚೆನ್ನಾಗಿತ್ತು', 'ಚೆನ್ನಾಗಿರಲಿಲ್ಲ' ಎಂದು ಬರೆಯಬೇಡಿ, ಅದು ಯಾರಿಗೂ ಉಪಯೋಗವಿಲ್ಲ. ತಿಂಗಳಿಗೊಮ್ಮೆ ಆ ಪುಟಗಳನ್ನು ವರ್ಷಗಳಿಂದ ಕೂರುತ್ತಿರುವ ಒಬ್ಬರಿಗೆ ಫೋನಿನಲ್ಲಿ ಓದಿ ಹೇಳಿ. ಅವರು ದೊಡ್ಡ ಗುರುವೇ ಆಗಿರಬೇಕಿಲ್ಲ. ಮೇಲೆ ಹೇಳಿದ ಜಾಗಗಳಲ್ಲಿ ಕೇಳಿದರೆ ಇಂಥವರ ಪರಿಚಯವಾಗುತ್ತದೆ. 'ಕಣ್ಣು ಎಲ್ಲಿದೆ?' ಎನ್ನುವಂಥ ಪ್ರಶ್ನೆ ಅವರ ಬಾಯಿಂದ ಬಂದರೆ ಸಾಕು.

ಕುರ್ಚಿಯ ವಿಷಯ. ಧಾರಾಳವಾಗಿ ಕೂರಬಹುದು. ಶಿಬಿರಗಳಲ್ಲೂ ಮಂಡಿ ನೋವಿದ್ದವರಿಗೆ ಕುರ್ಚಿ ಕೊಡುತ್ತಾರೆ. ಮೆತ್ತನೆಯ ಸೋಫಾ ಬೇಡ, ಊಟದ ಮೇಜಿನ ಕುರ್ಚಿ ಸಾಕು. ಬೆನ್ನನ್ನು ಒರಗಿಸದೆ ಸ್ವಲ್ಪ ಮುಂದಕ್ಕೆ ಕೂರಿ, ಸುಸ್ತಾದ ದಿನ ಒರಗಿದರೂ ಅಡ್ಡಿಯಿಲ್ಲ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಮಣೆ ಇಲ್ಲದಿದ್ದರೆ ಆ ಮೂಗಿನ ಪುಸ್ತಕ ದಪ್ಪ ಇದೆಯಾ ಎಂದು ಕೇಳೋಣವೆನಿಸಿತು, ಆದರೆ ಟೀಚರಿಗೆ ಅಂಥ ಸಲಹೆ ಕೊಡುವ ಧೈರ್ಯ ನನಗಿಲ್ಲ. ಹಳೆಯ ಪೇಪರಿನ ಕಟ್ಟು ಸಾಕು.